ಹತ್ತು ಸಲ ಮಿನುಗುವ ಹಸಿರು ದೀಪ

ಅಂಗಿಯ ಜೇಬಿನಲ್ಲಿ ಕಾರ್ಡು ಇದೆಯೋ ಇಲ್ಲವೋ ಎಂದು ಅಜಯಕುಮಾರ ರೈಲ್ವೆ ಕ್ವಾರ್ಟರ್ಸಿನಿಂದ ಬಜಾರು ಸೇರುವುದರೊಳಗೆ ಮೂರು ಸಲ ಕೈಯಾಡಿಸಿ ನೋಡಿಕೊಂಡ. ಹೆಬ್ಬೆರಳ ಉಗುರಿನಷ್ಟು ಕರಿಯ ಚೂರು. ವಾಡಿಯ ಸಿಮೆಂಟು ಧೂಳಿನಲ್ಲಿ ಬಿದ್ದರೆ ಜನ್ಮದಲ್ಲಿ ಸಿಗುವುದಿಲ್ಲ. ಮನೆಯ ಟಿವಿಯ ಹಿಂದೆ ಅವನೇ ಜೋಡಿಸಿಟ್ಟಿದ್ದ ಅಂಗೈಯಗಲದ ಕಂಪ್ಯೂಟರು ಈ ಚೂರಿನ ಮೇಲೆಯೇ ನಡೆಯುತ್ತಿತ್ತು. ಸಿನಿಮಾ, ಹಾಡು, ಬೆಳಗಿನ ವಂದನೆ, ಜಯಂತಿಯ ಮೆರವಣಿಗೆ ಎಲ್ಲ ಬೇರೊಂದು ಡಿಸ್ಕಿನಲ್ಲಿ ಇದ್ದವು. ಆದರೆ ಅವನ್ನು ಎಲ್ಲಿ ಹುಡುಕಬೇಕು, ಹೇಗೆ ತೋರಿಸಬೇಕು ಎಂಬ ಬುದ್ಧಿಯೆಲ್ಲ ಕಾರ್ಡಿನದು. ಆ ಬುದ್ಧಿ ಇವತ್ತು ಬೆಳಗ್ಗೆ ಹೋಗಿತ್ತು. ಹೆಂಡತಿ ಕರುಣಾ ಟಿವಿ ಹಚ್ಚಿದಾಗ ಕಪ್ಪು ಪರದೆಯ ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರಗಳು ಸಾಲುಸಾಲಾಗಿ ನಿಂತಿದ್ದವು. ಅಪ್ಪ ಜಗದೇವಪ್ಪ ಆಗ ಮುಂದಿನ ಕೋಣೆಯ ಮಂಚದ ಮೇಲೆ ಕೂತು ತಾನು ಹೊದೆಯುವ ಕೌದಿಯನ್ನು ಸುತ್ತಿ ಹಗ್ಗ ಬಿಗಿಯುತ್ತಿದ್ದ. ಅಜಯಕುಮಾರ ಈ ಸಲ ಒಂದು ಮಾತೂ ಆಡಲಿಲ್ಲ. ಆಡಲಿಲ್ಲವೆಂದು ತನ್ನನ್ನು ತಾನೇ ಮೆಚ್ಚಿಕೊಂಡದ್ದೂ ಆಯಿತು. ಆದರೆ ಅಪ್ಪನ ಕಡೆ ನೋಡಿದ. ಅಪ್ಪ ಹಗ್ಗದ ಗಂಟನ್ನು ಬಿಚ್ಚಿ ಮತ್ತೊಮ್ಮೆ ಬಿಗಿದ.

ಸಂಜೆಯ ಪ್ಯಾಸೆಂಜರಿಗೆ ಅಪ್ಪ ಸೇಡಂಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಅದೇ ತಾಲೂಕಿನ ಮುಧೋಳದ ಮಗಳು ಯಂಕಮ್ಮನ ಮನೆಗೆ ಹೋಗುವವನಿದ್ದ. ನಾಲ್ಕು ದಿನ ಇದ್ದು ಬರುತ್ತೇನೆ ಎಂದಿದ್ದ. ಅಜಯಕುಮಾರನೂ ನಾಲ್ಕೇ ದಿನ ಎಂದು ನಂಬಿಕೊಂಡಿದ್ದ, ಅಂದರೆ ನಂಬಿದರೆ ಸುಲಭವೆಂದು ನಂಬಿದ್ದ. ಅಡುಗೆಮನೆಯಲ್ಲಿ ಕರುಣಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ತಲೆ ಎತ್ತದೆ ಹೇಳಿದ್ದಳು: "ನಾಕು ದಿನಕ್ಕ ಹೋಗೋರು ಈ ಬ್ಯಾಸಿಗ್ಯಾಗ ಕೌದಿ ಕಟ್ಟಿಕೊಂಡು ಹೋಗ್ತಾರೇನ್ರಿ?" ಉತ್ತರ ಇಲ್ಲದಾಗ ಗಂಡಸರು ಏನಾದರೂ ರಿಪೇರಿಗೆ ಹೊರಡುತ್ತಾರೆ. ಅವನೂ ಕಾರ್ಡು ಕಿತ್ತುಕೊಂಡು ಮಶಾಕನ ಮೊಬೈಲ್ ಅಂಗಡಿಗೆ ಹೊರಟ. ಲ್ಯಾಪ್‌ಟಾಪನ್ನು ಮಗಳು ಲುಂಬಿನಿ ಕಲಬುರಗಿಯ ಹಾಸ್ಟೆಲಿಗೆ ಒಯ್ದಿದ್ದರಿಂದ ಕಾರ್ಡಿನಲ್ಲಿ ಏನಿದೆ ಎಂದು ಮನೆಯಲ್ಲಿ ನೋಡುವಂತಿರಲಿಲ್ಲ. ನೋಡಲೇಬೇಕೆಂದು ಅವನಿಗೆ ಹಟ ಬಂದಿತ್ತು. ಕ್ರಮವಾಗಿ ಬಂದ್ ಮಾಡದೆ ಗೋಡೆಯ ಬಟನ್ ತೆಗೆದರೆ ಕಂಪ್ಯೂಟರು ಕೆಡುತ್ತದೆ, ಮತ್ತು ಆ ಕಾರ್ಡಿನಲ್ಲಿ ಒಂದು ದಾಖಲೆ ಇತ್ತು. ಯಾರು, ಯಾವ ದಿನ, ಎಷ್ಟು ಗಂಟೆಗೆ ಬಟನ್ ಒತ್ತಿ ಕರೆಂಟು ತೆಗೆದರು ಎಂಬುದು ಅದರಲ್ಲಿ ಸೆಕೆಂಡಿನ ಲೆಕ್ಕದಲ್ಲಿ ಬಿದ್ದಿರುತ್ತದೆ. ಅಪ್ಪ ರೈಲು ಹತ್ತುವ ಮೊದಲು ಅದನ್ನು ಒಮ್ಮೆ ಓದಿಬಿಟ್ಟರೆ, ತಾನು ಜಯಂತಿಯ ದಿನ ಅಂದದ್ದು ಒರಟಾಗಿದ್ದರೂ ಸುಳ್ಳಲ್ಲವೆಂದು ತನಗಾದರೂ ಖಾತ್ರಿಯಾಗುತ್ತದೆ. ಆಮೇಲೆ ಅಪ್ಪನನ್ನು ನಿರುಮ್ಮಳವಾಗಿ ಕಳಿಸಿಕೊಡಬಹುದು.

ಏಪ್ರಿಲ್ ಹದಿನಾಲ್ಕರ ಜಯಂತಿಯ ದಿನ ಮನೆಯಲ್ಲಿ ಇಪ್ಪತ್ತು ಜನರಿದ್ದರು. ಕ್ವಾರ್ಟರ್ಸ್ ಲೈನಿನ ನೆರೆಯವರು, ಸಿಗ್ನಲ್ ವಿಭಾಗದ ಜೊತೆಗಾರರು, ಅವರ ಹೆಂಡಿರು, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಹಿಂದಿನ ಐದು ವರ್ಷದ ಮೆರವಣಿಗೆಗಳ ವಿಡಿಯೋ ಸೇರಿಸಿ ಅವನು ಒಂದು ತಾಸಿನದು ಮಾಡಿಟ್ಟಿದ್ದ, ರಾತ್ರಿಯೆಲ್ಲ ನಿದ್ದೆಗೆಟ್ಟು. ಎಲ್ಲರೂ ಶರಬತ್ತಿನ ಗ್ಲಾಸು ಹಿಡಿದು ಕೂತ ಮೇಲೆ ರಿಮೋಟು ಒತ್ತಿದ. ಕಪ್ಪು ಪರದೆ, ಬಿಳಿಯ ಅಕ್ಷರ. ಯಾರೋ ಮೆಲ್ಲಗೆ ನಕ್ಕರು, ಪಾಪ ಅದರಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ಅವನ ಕಿವಿ ಬಿಸಿಯಾಯಿತು. ಮೂಲೆಯಲ್ಲಿ ಬಿಳಿ ಅಂಗಿ ತೊಟ್ಟು ಕೂತಿದ್ದ ಅಪ್ಪನ ಕಡೆ ತಿರುಗಿ ಅಂದುಬಿಟ್ಟ: "ಗೇಟ್ ಹಾಕಿದಂಗ ಬಟನ್ ಬಂದ್ ಮಾಡಬ್ಯಾಡ್ರಿ ಅಂತ ಎಷ್ಟು ಸಲ ಹೇಳಬೇಕು ನಿಮಗ? ಯಾರು ಯಾವಾಗ ಬಂದ್ ಮಾಡ್ಯಾರ ಅಂಬೋದೆಲ್ಲಾ ಅದು ಬರಕೊಳ್ಳಲಿಕತ್ತದ." ಅಪ್ಪ ಸುತ್ತಲೂ ಒಮ್ಮೆ ನೋಡಿ, ಕೈಯಲ್ಲಿದ್ದ ಗ್ಲಾಸನ್ನು ನೆಲಕ್ಕಿಟ್ಟು, ಎದ್ದು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತ. ಬಂದವರೆಲ್ಲ ಹೋಗುವವರೆಗೂ ಅಲ್ಲೇ ನಿಂತಿದ್ದ.

ಮೂವತ್ತೊಂದು ವರ್ಷ ನಿಂತವನಿಗೆ ನಿಲ್ಲುವುದು ಹೊಸದಲ್ಲ. ಚಿತ್ತಾಪುರದಾಚೆ ಸೇಡಂ ದಾರಿಯಲ್ಲಿ ಅಪ್ಪನ ಗೇಟು ಇತ್ತು. ಈಗ ಅಲ್ಲಿ ಕೆಳಸೇತುವೆ ಬಂದಿದೆ, ಮಳೆ ಬಂದರೆ ಮೊಣಕಾಲು ನೀರು. ಹುಡುಗನಾಗಿದ್ದಾಗ ಅಜಯಕುಮಾರ ಆ ಗೇಟಿನ ಪುಟ್ಟ ಕೋಣೆಯಲ್ಲಿ ಕೂತು ಮಗ್ಗಿ ಬರೆಯುತ್ತಿದ್ದ. ಗೋಡೆಯ ಫೋನು ಗುರುಗುಟ್ಟುತ್ತಿತ್ತು. ಅಪ್ಪ ಹೋಗಿ ಗೇಟು ಹಾಕಿ, ಬೀಗ ಎಳೆದು ನೋಡಿ, ಬಂದು ಫೋನೆತ್ತಿ ಸ್ಟೇಷನ್ ಮಾಸ್ತರರಿಗೆ ಒಂದು ನಂಬರ್ ಹೇಳುತ್ತಿದ್ದ. ಇಲಾಖೆ ಕೊಟ್ಟ ಹಾಳೆಯಲ್ಲಿ ಎರಡಂಕಿಯ ನಂಬರುಗಳು ಅಡ್ಡಾದಿಡ್ಡಿಯಾಗಿ ಇರುತ್ತಿದ್ದವು. ಹೇಳಿದ್ದನ್ನು ಗೀಟು ಹಾಕಿ ಹೊಡೆಯಬೇಕು, ಮತ್ತೆ ಅದನ್ನು ಹೇಳುವಂತಿಲ್ಲ. ಆ ಕಡೆ ಮಾಸ್ತರರು ನಂಬರನ್ನು ತಿರುಗಿ ಹೇಳಿ ಬರೆದುಕೊಂಡ ಮೇಲೆಯೇ ಗಾಡಿ ಬರಲು ಸಿಗ್ನಲ್ಲು ಬೀಳುತ್ತಿತ್ತು. ಗೇಟು ಹಾಕಿದ್ದೇನೆ ಎಂಬ ಬರಿಯ ಬಾಯಿಮಾತನ್ನು ಯಾರೂ ಕೇಳುತ್ತಿರಲಿಲ್ಲ. ಇಪ್ಪತ್ತೆಂಟು, ಎಪ್ಪತ್ತಮೂರು, ಹದಿನಾರು ಎಂದು ಅಪ್ಪ ಗಂಭೀರವಾಗಿ ಹೇಳುವಾಗ ಹುಡುಗನಿಗೆ ತನ್ನ ಅಪ್ಪ ಬಹಳ ಓದಿದವನಂತೆ ಕಾಣುತ್ತಿದ್ದ. ಓದಿದ್ದು ಮೂವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ, ಎರಡು ಚಳಿಗಾಲ. ಅಕ್ಷರಗಳನ್ನು ಒಂದೊಂದೇ ಮುಟ್ಟಿಕೊಂಡು ಓದುತ್ತಾನೆ, ಆದರೆ ತಪ್ಪಿ ಓದುವುದಿಲ್ಲ.

ಜಯಂತಿ ಕಳೆದು ಎರಡು ದಿನಕ್ಕೆ, ಕಂಪ್ಯೂಟರನ್ನು ಮತ್ತೆ ಸರಿಮಾಡಿ, ಅವನು ಅಂಟಿಸಿದ ಚೀಟಿಯನ್ನೂ ಅಪ್ಪ ತಪ್ಪಿ ಓದಲಿಲ್ಲ. ಅವನು ಕೆಲಸ ಮಾಡುವ ಸಿಗ್ನಲ್ ವಿಭಾಗದ ರಿಲೇ ರೂಮಿನಲ್ಲಿ ಇಂಥ ಚೀಟಿಗಳು ಹತ್ತಾರು. ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದು ಅಂಟಿಸುವುದು ಅವನಿಗೆ ಕೈ ಒರೆಸಿಕೊಂಡಷ್ಟು ಸಹಜ. ಅದೇ ಧಾಟಿಯಲ್ಲಿ ಮುಂದಿನ ಕೋಣೆಯ ಸ್ವಿಚ್ ಬೋರ್ಡಿನ ನಾಲ್ಕನೆಯ ಬಟನ್ನಿನ ಮೇಲೆ 'ಮುಟ್ಟಬೇಡಿ' ಎಂದು ಬರೆದು ಟೇಪು ಹಚ್ಚಿದ. ಹಚ್ಚಿ ಎರಡು ಹೆಜ್ಜೆ ಹಿಂದೆ ಸರಿದು ಅಕ್ಷರ ನೆಟ್ಟಗಿವೆಯೇ ಎಂದೂ ನೋಡಿದ. ಅಪ್ಪ ಮಂಚದಿಂದ ಎದ್ದು ಬಂದು, ಕನ್ನಡಕ ಏರಿಸಿ, ಅಕ್ಷರದ ಕೆಳಗೆ ಬೆರಳು ಎಳೆಯುತ್ತ ಓದಿದ. ಬಹಳ ಹೊತ್ತು ಹಿಡಿಯಿತು. ಆಮೇಲೆ, ಸಿಟ್ಟಿಲ್ಲದೆ, ಯಾವುದೋ ಹಳೆಯ ಸಂಗತಿ ನೆನಪಾದವನ ಹಾಗೆ, "ನಮಗ ಆಗ ಯಾರೂ ಬರದು ಹಚ್ಚಿದ್ದಿಲ್ಲಪಾ. ಬಾಯಿಲೇನೇ ಹೇಳ್ತಿದ್ರು" ಅಂದ. ಊರ ಬಾವಿಯ ಕಟ್ಟೆ, ಹೋಟೆಲಿನ ಹೊರಗೆ ಗೂಟಕ್ಕೆ ತೂಗುಹಾಕಿದ ಬೇರೆ ಚಹಾ ಕಪ್ಪು, ಅಪ್ಪ ಎಂದೂ ವಿಸ್ತಾರವಾಗಿ ಹೇಳದ, ಆದರೆ ಅವನಿಗೆ ಗೊತ್ತಿದ್ದ ಎಲ್ಲವೂ ಆ ಎರಡು ಮಾತಿನಲ್ಲಿ ಬಂದು ಕೋಣೆಯಲ್ಲಿ ನಿಂತವು. ಆಗಲೇ ಚೀಟಿ ಕಿತ್ತು ಹಾಕಬಹುದಿತ್ತು. ಕಿತ್ತರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದು ಹಾಗೇ ಬಿಟ್ಟ. ಹದಿನೆಂಟು ದಿನವಾಯಿತು, ಅದು ಇನ್ನೂ ಅಲ್ಲೇ ಇದೆ. ಅಪ್ಪ ಅಂದಿನಿಂದ ಟಿವಿಯನ್ನು ಮುಟ್ಟಿಲ್ಲ. ರಿಮೋಟು ಮಂಚದ ಮೇಲಿದ್ದರೆ ಅದನ್ನು ದಾಟಿ ಕೂರುತ್ತಾನೆ.

ಮಶಾಕನ ಅಂಗಡಿಯಲ್ಲಿ ಕೂಲರಿನ ಮುಂದೆ ಇಬ್ಬರು ಕೂತಿದ್ದರು. ಮಶಾಕ ಕಾರ್ಡನ್ನು ತನ್ನ ಕಂಪ್ಯೂಟರಿಗೆ ಹಾಕಿ, ಏನೇನೋ ಒತ್ತಿ, ತಲೆಯಾಡಿಸಿದ. ಈ ಕಾರ್ಡುಗಳಿಗೆ ಇಷ್ಟೇ ಸಲ ಬರೆಯಬಹುದು ಅಂತ ಒಂದು ಆಯುಷ್ಯ ಇರುತ್ತದೆ, ಇದರದು ಮುಗಿದಿದೆ ಎಂದು ವಿವರಿಸಿದ. ಕೊಂಡು ವರ್ಷವೂ ಆಗಿಲ್ಲವಲ್ಲ ಎಂದು ಅಜಯಕುಮಾರ ಅಂದ. ಬಟನ್ ತೆಗೆದು ತೆಗೆದು ಹಾಳಾಗಿರಬೇಕು ಎಂದೂ ಸೇರಿಸಿದ. ಮಶಾಕ ಒಪ್ಪಲಿಲ್ಲ. "ಕರೆಂಟ್ ತಗದ್ರ ಒಮ್ಮೊಮ್ಮಿ ಅಡ್ಡಾತಿಡ್ಡಿ ಆಗ್ತದ್ರಿ ಸರ್, ಮತ್ತ ಸುಧಾರಿಸಬಹುದು. ಇದು ಆ ಕೇಸ್ ಅಲ್ಲ. ಯಾರೋ ಇದರ ಮ್ಯಾಲ ಸೆಕೆಂಡಿಗೊಮ್ಮಿ ಬರಿಯೋ ಹಂಗ ಹಚ್ಯಾರ. ಮೂರ್ನಾಕು ತಿಂಗಳ ಒಂದೇ ಸಮ ಬರದಾದ. ಅದಕ್ಕ ಸವದು ಖಲಾಸ್ ಆಗ್ಯಾದ. ಯಾರು ಹಚ್ಚಿದ್ರಿ?" ಅಜಯಕುಮಾರ ಕೂಲರಿನ ಕಡೆ ನೋಡುತ್ತ, ಗೊತ್ತಿಲ್ಲ, ಅದರೊಳಗೇ ಬಂದಿತ್ತೋ ಏನೋ ಅಂದ.

ಹಚ್ಚಿದವನು ಅವನೇ. ಸ್ಟೇಷನ್ನಿನಲ್ಲಿ ಡೇಟಾ ಲಾಗರ್ ಎಂಬ ಪೆಟ್ಟಿಗೆಯಿದೆ. ಸಿಗ್ನಲ್ ನಡೆಸುವ ಯಾವ ರಿಲೇ ಯಾವ ಕ್ಷಣ ಬಿತ್ತು, ಯಾವ ಬಾಗಿಲು ಯಾವಾಗ ತೆರೆಯಿತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಆರು ವರ್ಷದ ಹಿಂದೆ ಅವನು ಮಾಸ್ತರರಿಗೆ ಮೆಮೊ ಕೊಡದೆ ಹಳಿ ಬದಲಿಸುವ ಒಂದು ಪಾಯಿಂಟಿನ ಪೆಟ್ಟಿಗೆಯನ್ನು ಎರಡೇ ನಿಮಿಷ ತೆರೆದಿದ್ದ. ತೆರೆದಿಲ್ಲ ಎಂದು ಸಾಧಿಸುತ್ತ ಸಾಹೇಬರ ಮೇಜಿನ ಮುಂದೆ ನಿಂತಿದ್ದಾಗ ಅವರು ಮಾತಾಡದೆ ಒಂದು ಪ್ರಿಂಟನ್ನು ಅವನ ಕಡೆ ತಿರುಗಿಸಿ, ಒಂದು ಸಾಲಿನ ಮೇಲೆ ಪೆನ್ನಿನ ತುದಿಯಿಟ್ಟರು. ಆ ತುದಿ ಅವನಿಗೆ ಇನ್ನೂ ನೆನಪಿದೆ, ನೀಲಿ ಮುಚ್ಚಳದ ಪೆನ್ನು. ಕಾಲು ಬೆವರಿ ಬೂಟು ಒದ್ದೆಯಾಗಿತ್ತು. ಅಷ್ಟು ಅನುಭವಿಸಿದವನು ಜನವರಿಯಲ್ಲಿ, ಕಂಪ್ಯೂಟರು ಎರಡನೆಯ ಸಲ ಕೆಟ್ಟಾಗ, ಮೂರು ಸಂಜೆ ಕೂತು ಅಂಥದೇ ಲಾಗರನ್ನು ಮನೆಯಲ್ಲಿ ಮಾಡಿ ಹಾಕಿದ. ಒತ್ತಿದ ಪ್ರತಿಯೊಂದು ಬಟನ್ನು, ನಡೆಯುತ್ತಿರುವ ಪ್ರತಿಯೊಂದು ವಿಡಿಯೋ, ಸೆಕೆಂಡಿಗೊಂದು ಸಾಲು. ಯಾರಿಗಾಗಿ ಎಂಬುದು ಹೆಸರು ಹೇಳದಿದ್ದರೂ ಸ್ಪಷ್ಟವಿತ್ತು. ಮನೆಯಲ್ಲಿ ಹಗಲು ಟಿವಿಯ ಮುಂದೆ ಕೂರುವವನು ಒಬ್ಬನೇ. ಹಾಕಿದ ಮೇಲೆ ಒಂದು ದಿನವೂ ತೆರೆದು ಓದಲಿಲ್ಲ. ಗೊತ್ತಿರುವುದನ್ನು ಓದುವುದೇನು ಎಂಬ ಧಿಮಾಕು.

"ಅಜ್ಜಾ ಅವರು ಆರಾಮ ಅದಾರೇನ್ರಿ?" ಎಂದು ಮಶಾಕ ಕೇಳಿದ. ಚಳಿಗಾಲದಲ್ಲಿ ಎರಡು ದಿನ ಇಲ್ಲಿ ಬಂದು ಕೂತಿದ್ದರಂತೆ. ಮನೆಯ ಟಿವಿ ಬಂದ್ ಮಾಡುವುದು ಹೇಗೆ, ಮಗ ಹೇಳುವುದು ತಿಳಿಯುವುದಿಲ್ಲ, ಮತ್ತೆ ಮತ್ತೆ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾನೆ, ನೀನು ಹೇಳು ಎಂದಿದ್ದರಂತೆ. ರಿಮೋಟಿನಲ್ಲಿ ಕೆಳಗೆ ಮೂರು ಸಲ, ಬಲಕ್ಕೆ ಒಂದು ಸಲ, ನಡುವಿನ ಗುಂಡಿ. ಆಮೇಲೆ ಪುಟ್ಟ ಕಂಪ್ಯೂಟರಿನ ಹಸಿರು ದೀಪ ಹತ್ತು ಸಲ ಮಿನುಗುತ್ತದೆ, ನಿಂತ ಮೇಲೆ ಗೋಡೆಯ ಬಟನ್. ಮಶಾಕನ ಅಂಗಡಿಯ ಟಿವಿಯ ಮೇಲೆಯೇ ಹತ್ತಾರು ಸಲ ಮಾಡಿ ನೋಡಿ, ಬೆರಳ ಮೇಲೆ ಎಣಿಸಿ, ಪಾಠ ಒಪ್ಪಿಸಿ ಹೋಗಿದ್ದರಂತೆ. ಅಜಯಕುಮಾರನಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದವನ ಹಾಗೆ ಹೂಂಗುಟ್ಟಿದ. ಅಷ್ಟರಲ್ಲಿ ಯಾರೋ ಒಡೆದ ಮೊಬೈಲು ತಂದರು; ಮಶಾಕ ಆ ಕಡೆ ಹೋದ, ಕಂಪ್ಯೂಟರಿನ ಮುಂದೆ ಅವನೊಬ್ಬನೇ ಉಳಿದ. ಆ ಫೈಲನ್ನು ತೆರೆದ.

ಮೊದಲಿಗೆ ಹುಡುಕಿದ್ದು ಅಪ್ಪನ ಹೊತ್ತನ್ನು. ಫೆಬ್ರುವರಿಯ ಎಲ್ಲ ದಿನವೂ ಮಧ್ಯಾಹ್ನ ಮೂರರ ಸುಮಾರಿಗೆ ಕಂಪ್ಯೂಟರು ಚಾಲೂ ಆಗಿತ್ತು, ಮತ್ತು ಒಂದೇ ವಿಡಿಯೋ: ಲುಂಬಿನಿ ಹಿಂದೊಮ್ಮೆ ರೈಲಿನ ಕಿಟಕಿಯಿಂದ ಮೊಬೈಲಿನಲ್ಲಿ ತೆಗೆದ ವಾಡಿಯಿಂದ ಸೇಡಂವರೆಗಿನ ದಾರಿ. ಅಜ್ಜನ ಗೇಟು ಇನ್ನೂ ಇದ್ದ ಕಾಲದ್ದು. ಒಂದು ತಾಸಿನ ಆ ಅಲುಗಾಡುವ ವಿಡಿಯೋವನ್ನು ಯಾರು ನೋಡುತ್ತಾರೆ ಎಂದು ಅವನು ಎರಡು ಸಲ ಅಳಿಸಲು ಹೋಗಿ ಬಿಟ್ಟಿದ್ದ. ಅಪ್ಪ ದಿನವೂ ನೋಡಿದ್ದ. ದಿನವೂ ಒಂದೇ ಜಾಗದಲ್ಲಿ ವಿಡಿಯೋ ಅರ್ಧ ನಿಮಿಷ ನಿಂತಿತ್ತು, ಮತ್ತೆ ಹೊರಟಿತ್ತು. ಗೇಟಿನ ಹತ್ತಿರವೇ ಇರಬೇಕು. ಆಮೇಲೆ ನಾಲ್ಕೂ ಹತ್ತಕ್ಕೆ: ಕೆಳಗೆ. ನಾಲ್ಕು ಸೆಕೆಂಡು ಬಿಟ್ಟು ಕೆಳಗೆ. ಐದು ಸೆಕೆಂಡು ಬಿಟ್ಟು ಕೆಳಗೆ. ಬಲಕ್ಕೆ. ನಡುವೆ. ಕ್ರಮವಾಗಿ ಬಂದ್. ಒಂದು ದಿನ ಎಡಕ್ಕೆ ಒತ್ತಿಹೋಗಿತ್ತು. ಹನ್ನೊಂದು ಸೆಕೆಂಡು ಏನೂ ಇಲ್ಲ. ಆಮೇಲೆ ಹಿಂದೆ ಬಂದು, ಮೊದಲಿನಿಂದ, ಕೆಳಗೆ, ಕೆಳಗೆ, ಕೆಳಗೆ. ಆ ಹನ್ನೊಂದು ಸೆಕೆಂಡಿನಲ್ಲಿ ಅಪ್ಪನ ಹೆಬ್ಬೆರಳು ರಿಮೋಟಿನ ಮೇಲೆ ನಿಂತದ್ದು ಅವನಿಗೆ ಕಂಡಿತು. ಫೆಬ್ರುವರಿ, ಮಾರ್ಚ್, ಏಪ್ರಿಲಿನ ಅರ್ಧ, ಒಂದು ದಿನವೂ ಅಪ್ಪ ಕರೆಂಟು ಕಿತ್ತಿರಲಿಲ್ಲ.

ಕಿತ್ತವರು ಬೇರೆ. ಸಾಲು ನಡುವೆಯೇ ಕಡಿದುಹೋದ ಜಾಗಗಳನ್ನು ಒಂದೊಂದಾಗಿ ನೋಡಿದ. ಬೆಳಗಿನ ಐದೂ ಐವತ್ತೆರಡು. ಐದೂ ಐವತ್ತೊಂದು. ಐದೂ ಐವತ್ತೆರಡು. ಒಂದು ವಾರ ದಿನವೂ, ಮುಂದಿನ ಎರಡು ವಾರ ಇಲ್ಲವೇ ಇಲ್ಲ, ಮತ್ತೆ ಒಂದು ವಾರ ದಿನವೂ. ತಾರೀಖುಗಳನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಅವು ಅವನ ಬೆಳಗಿನ ಪಾಳಿಯ ವಾರಗಳು. ಸ್ನಾನ ಮಾಡುವಾಗ ಕೇಳಲೆಂದು ಅವನೇ ವಂದನೆ ಹಚ್ಚುತ್ತಿದ್ದ. ಆಮೇಲೆ ಎಡಗೈಯಲ್ಲಿ ಡಬ್ಬಿಯ ಚೀಲ, ಬಲಗೈ ತನ್ನಷ್ಟಕ್ಕೆ ಹೋಗಿ ಸ್ವಿಚ್ ಬೋರ್ಡನ್ನು ಮೇಲಿನಿಂದ ಕೆಳಗೆ ಒಮ್ಮೆ ಸವರುತ್ತಿತ್ತು, ಲೈಟು, ಫ್ಯಾನು, ಟಿವಿ, ನಾಲ್ಕನೆಯದು. ಇಪ್ಪತ್ತೆರಡು ವರ್ಷದ ರೂಢಿ. ರಿಲೇ ರೂಮಿನಿಂದ ಹೊರಬೀಳುವಾಗಲೂ ಹಾಗೇ. ಜಯಂತಿಯ ದಿನ ಬೆಳಗ್ಗೆ ಐದೂ ಐವತ್ತೆರಡು. ಚೀಟಿ ಅಂಟಿಸಿದ ಮೇಲೆ ಮಧ್ಯಾಹ್ನದ ಸಾಲುಗಳು ನಿಂತೇಹೋಗಿದ್ದವು, ಕಿಟಕಿಯ ವಿಡಿಯೋ ಇಲ್ಲ, ನಾಲ್ಕೂ ಹತ್ತು ಇಲ್ಲ. ಆದರೆ ಐದೂ ಐವತ್ತೆರಡು ನಡೆದೇ ಇತ್ತು. ಬೇರೆಯವರಿಗಾಗಿ ಬರೆದ ಚೀಟಿಯನ್ನು ಬರೆದವನು ಓದುವುದಿಲ್ಲ ನೋಡಿ. ಅದರ ಮೇಲೆಯೇ ಅಂಗೈ ಊರಿ ಅವನು ಬಟನ್ ತೆಗೆದಿದ್ದ.

ಆಗ ಅವನು ಮಾಡಿದ್ದನ್ನು ಮುಂದೆ ಯಾರಿಗೂ ಹೇಳಲಿಲ್ಲ. ಮಶಾಕನ ಬೆನ್ನು ಈ ಕಡೆಗಿತ್ತು. ಫೈಲನ್ನು ಆರಿಸಿ ಅಳಿಸಿಬಿಟ್ಟ. ನಿಜವಾಗಿಯೂ ಅಳಿಸಲೇ ಎಂದು ಕಂಪ್ಯೂಟರು ಕೇಳಿತು; ಹೌದು ಅಂದ. ಪಟ್ಟಿಯಿಂದ ಅದು ಮಾಯವಾಯಿತು. ಎದೆ ಹಗುರಾಯಿತು, ಮತ್ತು ಹಗುರಾದದ್ದು ಅವನಿಗೇ ಅಸಹ್ಯವೆನಿಸಿತು, ಆದರೂ ಹಗುರಾಗಿಯೇ ಇತ್ತು. ಹೊಸ ಕಾರ್ಡು ಹಾಕಿಸಿಕೊಂಡು ಹೋದರೆ ಆಯಿತು. ಕಾರ್ಡು ಸವೆದಿತ್ತು ಅಂದರೆ ಸುಳ್ಳೂ ಅಲ್ಲ. ಮಶಾಕ ಬಂದು, ಹಳೆಯ ಕಾರ್ಡನ್ನು ಹೊರಗೆಳೆದು ಅಂಗಿಗೆ ಒರೆಸಿ, ಬೇಕಾದದ್ದು ಏನಾದರೂ ಇದ್ದರೆ ಹೊಸದಕ್ಕೆ ಹಾಕೋಣ ಎಂದು ಮತ್ತೆ ಒಳಗೆ ಹಾಕಿದ. ಪಟ್ಟಿಯಲ್ಲಿ ಫೈಲು ಇತ್ತು. ಮೊದಲಿನ ಜಾಗದಲ್ಲಿ, ಮೊದಲಿನಷ್ಟೇ. ಅಜಯಕುಮಾರನ ಮುಖ ನೋಡಿ ಮಶಾಕ ಅದನ್ನು ಯಂತ್ರದ ಬಗೆಗಿನ ಅಜ್ಞಾನವೆಂದು ತಿಳಿದು ಸಮಾಧಾನದಿಂದ ಹೇಳಿದ: "ಅಳಿಸಿದ್ರೇನ್ರಿ? ಇದು ಅಳಿಯಂಗಿಲ್ಲ. ಸವದ ಕಾರ್ಡ್ ಹೊಸದು ಬರಕೊಳ್ಳಂಗಿಲ್ಲ, ಹಳೇದು ಬಿಟ್ಟುಕೊಡಂಗಿಲ್ಲ. ಅಳಸೀನಿ ಅಂತ ತೋರಸ್ತದ, ತಗದು ಹಾಕಿದ್ರ ಎಲ್ಲಾ ಇದ್ದಲ್ಲೇ ಇರ್ತದ." ಅಜಯಕುಮಾರ ಹಳೆಯ ಕಾರ್ಡನ್ನು ವಾಪಸ್ಸು ಜೇಬಿಗೆ ಹಾಕಿಕೊಂಡ. ಬಿಸಾಡಲು ಮನಸ್ಸಾಗಲಿಲ್ಲ, ಅಲ್ಲಿ ಬಿಟ್ಟುಬರಲು ಧೈರ್ಯವಾಗಲಿಲ್ಲ.

ಮನೆಗೆ ಬಂದಾಗ ಮೂರು ಗಂಟೆ. ಹೊಸ ಕಾರ್ಡು ಹಾಕಿದ. ಈ ಸಲ ಲಾಗರ್ ಹಚ್ಚಲಿಲ್ಲ. ಟಿವಿಯಲ್ಲಿ ಬಣ್ಣ ಬಂತು. ಅಪ್ಪ ಬಿಳಿ ಅಂಗಿ ತೊಟ್ಟು ಸಿದ್ಧನಾಗಿ ಮಂಚದ ತುದಿಯಲ್ಲಿ ಕೂತಿದ್ದ, ಪಕ್ಕದಲ್ಲಿ ಚೀಲ, ಕಾಲ ಬಳಿ ಕೌದಿಯ ಗಂಟು. ಚಾಲೂ ಆಯಿತಲ್ಲ, ಛಲೋ ಆಯಿತು ಅಂದ. ಕಾರ್ಡು ಸವೆದಿತ್ತು ಎಂದು ಅಜಯಕುಮಾರ ಹೇಳಿದ. ಹೌದು, ಸವೆಯುತ್ತದೆ ಎಂದು ಅಪ್ಪ ಒಪ್ಪಿದ. ಲುಂಬಿನಿಯ ವಿಡಿಯೋ ಹಚ್ಚಲೇ ಎಂದು ಕೇಳಿದ್ದಕ್ಕೆ, ಈಗ ಅದೇ ದಾರಿಯಲ್ಲಿ ಹೋಗುವವನಿಗೆ ಟಿವಿಯಲ್ಲಿ ಯಾಕೆ ಅಂದ. ಅಡುಗೆಮನೆಯ ಬಾಗಿಲಲ್ಲಿ ಕರುಣಾ ನಿಂತಿದ್ದಳು. ಗಂಡನ ಮುಖದಲ್ಲಿ ಏನೋ ಇದೆಯೆಂದು ಅವಳಿಗೆ ಗೊತ್ತಾಗಿ, ಅದು ಹೊರಗೆ ಬರಲೆಂದು ಕಾದಳು. ಬರಲಿಲ್ಲ. ಅವನು ಚೀಲ ಎತ್ತಿಕೊಂಡ. ಹೊರಡುವಾಗ ಬಾಗಿಲ ಬಳಿ ಅವನ ಬಲಗೈ, ತನ್ನಷ್ಟಕ್ಕೆ, ಸ್ವಿಚ್ ಬೋರ್ಡಿನ ಕಡೆಗೆ ಎದ್ದಿತು. ಅರ್ಧದಲ್ಲಿ ನಿಂತಿತು. ಅಪ್ಪ ಅದನ್ನು ನೋಡಿದ. ನೋಡಿ, ಬಾಗಿ, ಚಪ್ಪಲಿ ಹುಡುಕತೊಡಗಿದ. ಚಪ್ಪಲಿ ಕಾಲ ಹತ್ತಿರವೇ ಇದ್ದವು.

ಸ್ಟೇಷನ್ನು ಹತ್ತು ನಿಮಿಷದ ದಾರಿ. ಕೌದಿಯ ಗಂಟನ್ನು ತಾನು ಹೊರುತ್ತೇನೆಂದರೂ ಅಪ್ಪ ಕೊಡಲಿಲ್ಲ, ಬಗಲಲ್ಲಿ ಅವುಚಿಕೊಂಡು ನಡೆದ. ಅಮ್ಮ ತೀರಿಹೋಗುವ ಮುಂಚಿನ ವರ್ಷ ಹೊಲಿದದ್ದು ಅದು, ಹಳೆಯ ಸೀರೆಗಳು, ಒಂದು ಮೂಲೆಯಲ್ಲಿ ಅಪ್ಪನ ಖಾಕಿ ಅಂಗಿಯ ತುಂಡೂ ಇದೆ. ನಡೆಯುತ್ತ ಅಜಯಕುಮಾರ ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದ. ಕೆಟ್ಟದ್ದು ಯಾರಿಂದಲೂ ಆಗಬಹುದಿತ್ತು ಎಂದು ಶುರುಮಾಡಿದರೆ ಹೇಗೆ. ಡ್ಯೂಟಿಯ ಗಡಿಬಿಡಿ ಎಂದು ಶುರುಮಾಡಿದರೆ. ಎಲ್ಲ ಮಾತೂ ಬಾಯಿಗೆ ಬರುವ ಮೊದಲೇ ಸಾಹೇಬರ ಮುಂದೆ ಅಂದು ತಾನೇ ಆಡಿದ ಮಾತಿನ ಹಾಗೆ ಕೇಳಿಸಿದವು. ಪ್ಲಾಟ್‌ಫಾರ್ಮಿನ ಬೆಂಚು ಬಿಸಿಯಾಗಿತ್ತು. ಸಿಗ್ನಲ್ಲು ಬಿದ್ದಿತು, ಅಪ್ಪ ತಲೆ ಎತ್ತದೆಯೇ ಬಿದ್ದದ್ದನ್ನು ತಿಳಿದು ಎದ್ದು ನಿಂತ. ಇನ್ನು ಏಳೆಂಟು ನಿಮಿಷ. ಅಜಯಕುಮಾರ ಜೇಬಿನಿಂದ ಕಾರ್ಡು ತೆಗೆದು ಅಂಗೈಯಲ್ಲಿ ಇಟ್ಟುಕೊಂಡ.

"ಅಪ್ಪಾ, ಆ ಬಟನ್ ತಗೀತಿದ್ದವ ನಾನೇ ಅದೀನ್ರಿ. ನೀವಲ್ಲ. ಇದರಾಗ ಎಲ್ಲಾ ಅದ."

ಅಪ್ಪ ಕಾರ್ಡನ್ನು ನೋಡಲಿಲ್ಲ. ಹಳಿ ತಿರುಗುವ ಕಡೆ ನೋಡುತ್ತಿದ್ದ.

"ಗೊತ್ತದ," ಅಂದ. "ನನಗ ನಾಕಕ್ಕೇ ಎಚ್ಚರಾಗ್ತದ. ಡಬ್ಬಿ ತಗೊಂಡು ಹೋಗುವಾಗ ನಾಕೂ ಬಟನ್ ಒಮ್ಮೆಲೇ ತಗಿಯೋ ಸಪ್ಪಳ ದಿನಾ ಕೇಳ್ತಿತ್ತು."

"ಮತ್ತ ಆವತ್ತೇ ಯಾಕ ಹೇಳಲಿಲ್ರಿ, ಮಂದಿ ಮುಂದ?"

"ಮಂದಿ ಮುಂದ ನಿನಗ ಏನು ಹೇಳಲಿ. ನಾ ಹೇಳೋದು ಬಾಯಿಮಾತು, ನಿನ್ನ ಕಡಿ ಮಷೀನಿನ ಬರಹ ಇತ್ತು. ಅದು ಓದತಾನ, ತಿಳೀತದ ಅಂತ ಸುಮ್ಮಕಿದ್ದೆ." ಗಂಟನ್ನು ಬಗಲಲ್ಲಿ ಸರಿಪಡಿಸಿಕೊಂಡು, "ನೀ ಓದಲೇ ಇಲ್ಲ. ಚೀಟಿ ಬರದು ಹಚ್ಚಿದಿ" ಅಂದ.

ಅಜಯಕುಮಾರನಿಗೆ ಅಳು ಬಂತು. ನಲವತ್ತಾರು ವರ್ಷದವನು, ಪ್ಲಾಟ್‌ಫಾರ್ಮಿನಲ್ಲಿ ಪರಿಚಯದವರು ಓಡಾಡುತ್ತಿದ್ದರು, ಆದರೂ ಬಂತು. ತಪ್ಪಾಯಿತು ಅಂದ. ಅಪ್ಪ ಪರವಾಗಿಲ್ಲ ಅನ್ನಲಿಲ್ಲ. ಪರವಾಗಿಲ್ಲ ಅನ್ನುವಂಥದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಗಾಡಿ ಬಂತು. ಅಪ್ಪ ಚೀಲ ತೆಗೆದುಕೊಂಡು ಹತ್ತಿದ, ಕಿಟಕಿಯ ಜಾಗ ಹಿಡಿದ, ಅವನ ಗೇಟು ಇದ್ದ ಬದಿಯದೇ. ಯಂಕಮ್ಮ ಸೇಡಂ ಬಸ್‌ಸ್ಟ್ಯಾಂಡಿಗೆ ಯಾರನ್ನೋ ಕಳಿಸುತ್ತಾಳೆ, ಚಿಂತೆ ಬೇಡ ಅಂದ. ಕೌದಿಯ ಗಂಟು ತೊಡೆಯ ಮೇಲಿತ್ತು. ಬೋಗಿಯೊಳಗೆ ಕುಲುಮೆಯಂಥ ಸೆಕೆ. ಗಾರ್ಡು ಸೀಟಿ ಊದಿದಾಗ ಅಪ್ಪ ಏನೋ ಯೋಚಿಸಿ, ಎದ್ದು ಬಾಗಿಲಿಗೆ ಬಂದು, ಗಂಟನ್ನು ಮಗನ ಕೈಗೆ ನೂಕಿದ. ಈ ಸೆಕೆಯಲ್ಲಿ ಅದೊಂದು ಭಾರ, ಮನೆಗೆ ಒಯ್ಯಿ ಅಂದ. ಗಾಡಿ ಅಲುಗಿತು. ಆಗ ಹೇಳಿದ:

"ಟಿವಿ ಚಾಲೂ ಬಿಟ್ಟು ಬಂದಿಯಲ್ಲ. ಹೋಗಿ ಸರಿಯಾಗಿ ಬಂದ್ ಮಾಡು. ಹಸಿರು ದೀಪ ಹತ್ತು ಸಲ ಮಿಣುಕ್ತದ, ಎಣಿಸು. ಮಾಡಿದ ಮ್ಯಾಲ ನನಗ ನಂಬರ್ ಕೊಡು."

ಮನೆಗೆ ಬಂದಾಗ ಕರುಣಾ ಕೌದಿಯನ್ನು ನೋಡಿದಳು, ಏನೂ ಕೇಳದೆ ತೆಗೆದುಕೊಂಡು ಮಂಚದ ಮೇಲೆ ಬಿಚ್ಚಿ ಹಾಸಿದಳು. ಅವನು ಒದ್ದೆ ಬಟ್ಟೆ ತಂದು ಸ್ವಿಚ್ ಬೋರ್ಡಿನ ಚೀಟಿಯನ್ನು ಉಜ್ಜತೊಡಗಿದ. ಟೇಪು ಸುಲಭಕ್ಕೆ ಬರಲಿಲ್ಲ, ಚೂರುಚೂರಾಗಿ ಬಂತು, ಉಗುರು ಹಾಕಬೇಕಾಯಿತು. ಕೆಂಪು ಬಣ್ಣ ಬೆರಳಿಗೆ ಹತ್ತಿತು. ಅಂಟಿನ ಕಲೆ ಉಳಿಯಿತು, ಅದು ಉಳಿಯುತ್ತದೆ. ಆಮೇಲೆ ಅಪ್ಪನ ಜಾಗದಲ್ಲಿ ಮಂಚದ ತುದಿಗೆ ಕೂತು ರಿಮೋಟು ಹಿಡಿದ. ಕೆಳಗೆ, ಕೆಳಗೆ, ಕೆಳಗೆ, ಬಲಕ್ಕೆ, ನಡುವೆ. ಪರದೆ ಕಪ್ಪಾಯಿತು. ಮೊಣಕಾಲೂರಿ ಟಿವಿಯ ಹಿಂದೆ ಬಗ್ಗಿ ಹಸಿರು ದೀಪ ಎಣಿಸಿದ. ಹತ್ತಾದ ಮೇಲೆ ಅದು ನಿಂತಿತು. ಬಟನ್ ತೆಗೆದು, ತೆಗೆದದ್ದು ಹೌದೇ ಎಂದು ಮತ್ತೊಮ್ಮೆ ಮುಟ್ಟಿ ನೋಡಿ, ಫೋನ್ ಮಾಡಿದ. ಆ ಕಡೆ ಗಾಡಿಯ ಸದ್ದು. ಅಪ್ಪ ಮೊದಲ ರಿಂಗಿಗೇ ಎತ್ತಿದ.

"ಬಂದ್ ಮಾಡೀನ್ರಿ," ಎಂದು ಅಜಯಕುಮಾರ ಹೇಳಿದ. ಅವನ ಬಳಿ ಹಾಳೆಯಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ. "ನಲವತ್ತೊಂದು."

"ನಲವತ್ತೊಂದು," ಎಂದು ಅಪ್ಪ ತಿರುಗಿ ಹೇಳಿದ. ಗಾಡಿಯ ಸದ್ದಿನಲ್ಲಿ ಒಂದು ಕ್ಷಣ ಏನೂ ಕೇಳಲಿಲ್ಲ, ಅಪ್ಪ ನಿಜವಾಗಿಯೂ ಎಲ್ಲೋ ಬರೆಯುತ್ತಿರುವ ಹಾಗೆ. ಆಮೇಲೆ ದನಿ ಬಂತು. "ಬರಕೊಂಡೆ. ನಾಳಿಗಿ ಬ್ಯಾರೆ ಕೊಡು. ಒಮ್ಮಿ ಕೊಟ್ಟಿದ್ದು ಮತ್ತ ನಡಿಯಂಗಿಲ್ಲ."